ಗಾಳಿಯನ್ನೇ ನಂಬಿದ ಎಂಜಿನ್ನು

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಎರೆನೆಲದಲ್ಲಿ, ತೊಗರಿಯ ಸಾಲುಗಳ ನಡುವೆ ಕಳೆ ತೆಗೆಯುವ ಕಿರುಯಂತ್ರವು ಸೋತು ನಿಂತರೆ, ವೇಗ ಹೆಚ್ಚಿಸಿದೊಡನೆ ಬಲವೂ ಹೆಚ್ಚುವುದೆಂದು ರೈತನು ಭಾವಿಸುವುದುಂಟು. ಗವರ್ನರಿನ ಸ್ಪ್ರಿಂಗನ್ನು ಬಿಗಿಗೊಳಿಸುವ ಆ ಉಪಾಯವು ಅಪಾಯಕರವಾದುದು. ಇಂಥ ಪೆಟ್ರೋಲ್ ಎಂಜಿನ್ನುಗಳ ವೇಗದ ಮಿತಿ ಸಾಮಾನ್ಯವಾಗಿ ನಿಮಿಷಕ್ಕೆ 3,600 ಸುತ್ತು. ವೇಗವು ಇಮ್ಮಡಿಯಾದರೆ ಕನೆಕ್ಟಿಂಗ್ ರಾಡಿನ ಮೇಲಿನ ಜಗ್ಗಾಟ ನಾಲ್ಮಡಿಯಾಗುವುದು. ಅದು ಮುರಿದರೆ ಎಂಜಿನ್ನಿನ ಒಡಲನ್ನೇ ಸೀಳಿ, ಹಿಡಿಕೆ ಹಿಡಿದವನನ್ನೂ ಗಾಯಗೊಳಿಸಬಹುದು.

ಹಾಗಾದರೆ ಬಲ ಪಡೆಯುವ ಬಗೆ ಯಾವುದು? ಕಳೆದುಹೋದುದನ್ನು ಮರಳಿ ಗಳಿಸುವುದೇ ಮೊದಲ ದಾರಿ. ಬಿಸಿಲು 40 ಡಿಗ್ರಿ ಮುಟ್ಟಿದಾಗ ಗಾಳಿ ತೆಳುವಾಗಿ ಬಲವು ತಾನಾಗಿಯೇ ಕುಗ್ಗುವುದು. ಶಹಾಬಾದದ ಕಲ್ಲುಗಣಿ, ವಾಡಿಯ ಸಿಮೆಂಟುಗಳ ಸೀಮೆಯಲ್ಲಿ ಧೂಳಿಗೇನು ಕೊರತೆ? ಅದು ಗಾಳಿಯ ಫಿಲ್ಟರನ್ನು ಮುಚ್ಚಿ ಉಸಿರು ಕಟ್ಟಿಸುತ್ತದೆ. ಎಣ್ಣೆಯೊಡನೆ ಕೂಡಿ ಸಿಲಿಂಡರಿನ ರೆಕ್ಕೆಗಳ ನಡುವೆ ಹೆಪ್ಪುಗಟ್ಟಿದರೆ ಎಂಜಿನ್ನು ಕಾದು ಸೊರಗುತ್ತದೆ.

ಆದುದರಿಂದ ಫಿಲ್ಟರನ್ನು ದಿನವೂ ನೋಡಬೇಕು. ಎಂಜಿನ್ನು ಆರಿದ ಮೇಲೆ ಹೊದಿಕೆ ಕಳಚಿ, ರೆಕ್ಕೆಗಳನ್ನು ಬ್ರಷ್ಷಿನಿಂದ ಶುಚಿಗೊಳಿಸಬೇಕು. ಬಳಿಕ ಹೊದಿಕೆಯನ್ನು ತಪ್ಪದೆ ತೊಡಿಸಬೇಕು. ಗಾಳಿಯನ್ನು ರೆಕ್ಕೆಗಳತ್ತ ನಡೆಸುವುದು ಅದೇ. ವಾಲ್ವಿನ ಸಂದನ್ನು ಅಳತೆಗೆ ತಕ್ಕಂತೆ ಸರಿಪಡಿಸಬೇಕು. ಆಗಲೂ ಸಾಲದಿದ್ದರೆ ಆಳವನ್ನು ಕಡಿಮೆ ಮಾಡಿ ಎರಡು ಸಲ ಓಡಿಸುವುದು ಲೇಸು. ಬಡಿದು ಓಡಿಸಿದ ಎತ್ತಿಗಿಂತ ಮೇವು ನೀರು ಕಂಡ ಎತ್ತು ಹೆಚ್ಚು ಎಳೆಯುವುದೆಂದು ಈ ಸೀಮೆಯ ರೈತನಿಗೆ ಹೇಳಿಕೊಡಬೇಕಾಗಿಲ್ಲ.