ಸರಪಳಿ ಬಿಚ್ಚಿದ ಮೇಲೆ ಏನು?

2001ರ ಆಗಸ್ಟ್ 6. ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಚಪ್ಪರಕ್ಕೆ ಬೆಂಕಿ ಬಿತ್ತು. ತಲೆ ಕೆಟ್ಟವರೆಂದು ಸರಪಳಿ ಹಾಕಿ ಮಲಗಿಸಿದ್ದ ಚಪ್ಪರ ಅದು. ಓಡಲಾಗದೆ 28 ಜನ ಸತ್ತರು.

ಈಗ ಕಾನೂನಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಮನೆಯವರು ಸೇರಿಸಲಿಲ್ಲ ಅನ್ನೋ ಒಂದೇ ಕಾರಣಕ್ಕೆ ವಾಸಿಯಾದವರನ್ನು ಆಸ್ಪತ್ರೆಯಲ್ಲೇ ಕೊಳೆಹಾಕಬಾರದು, ಸಮಾಜದ ನಡುವೆ ಬದುಕೋದು ಅವರ ಹಕ್ಕು ಎಂದಿದೆ. ಮಾತು ಚೆನ್ನಾಗಿದೆ. ಆದರೆ ಗೆಳೆಯರೇ, ಸಮಾಜ ಅಂದರೆ ಯಾವುದು? ನಮ್ಮವನು ವಾಪಸ್ಸು ಬರೋದು ಕೇರಿಗೆ.

ಕೇರಿಗೆ ಬಂದವನ ಕೈಲಿ ಮಾತ್ರೆ ಚೀಟಿ ಇರುತ್ತೆ. ಮಾತ್ರೆ ತಿಂದರೆ ನಿದ್ದೆ, ಕೆಲವರಿಗೆ ಕೈ ನಡುಕ. ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೋಗಲಾಗಲ್ಲ. ಗೌಡ ಸೋಮಾರಿ ಅಂತಾನೆ, ಊರಿನವರು ಕುಡಿದವ್ನೆ ಅಂತಾರೆ. ಮೊದಲೇ ಮುಟ್ಟಬಾರದವನು, ಈಗ ಹುಚ್ಚ ಬೇರೆ! ಮಾತ್ರೆ ಮುಗಿದರೆ ಆಸ್ಪತ್ರೆಗೆ ಹೋಗಬೇಕು. ಬಸ್ ಚಾರ್ಜು, ಜೊತೆಗೆ ಬರೋ ಅವ್ವನ ಒಂದು ದಿನದ ಕೂಲಿ, ಎರಡೂ ಹೋಯ್ತು. ಮೂರನೇ ತಿಂಗಳಿಗೆ ಮಾತ್ರೆ ನಿಲ್ಲುತ್ತೆ. ಆಮೇಲೆ 'ಇವರಿಗೆ ತಿಳುವಳಿಕೆ ಇಲ್ಲ' ಅಂತ ದೊಡ್ಡವರು ಭಾಷಣ ಮಾಡ್ತಾರೆ. ತಿಳುವಳಿಕೆ ಇದೆ ಸ್ವಾಮಿ, ಕಾಸಿಲ್ಲ.

ದಾರಿ ಇಲ್ಲದೇ ಇಲ್ಲ. ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್‌ನವರು 2005ರಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಊರ ಹತ್ತಿರವೇ ಚಿಕಿತ್ಸೆ ಕೊಟ್ಟು, ಬಿಡದೆ ವಿಚಾರಿಸುತ್ತ ಬಂದರು. ಚಿಕಿತ್ಸೆ ಸಿಕ್ಕವರ ಅಸಾಮರ್ಥ್ಯ ಇಳಿದದ್ದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಒಂದು ತಾಲೂಕಿನಲ್ಲಿ ಆದದ್ದು ಉಳಿದ ಕಡೆ ಯಾಕಾಗಲ್ಲ? ಜಿಲ್ಲೆಗಳಲ್ಲಿ ಮಾನಸಧಾರಾ ಎಂಬ ಹಗಲು ಆರೈಕೆ ಕೇಂದ್ರಗಳ ಯೋಜನೆಯೂ ಇದೆ. ಜಿಲ್ಲಾ ಕೇಂದ್ರಕ್ಕೆ ದಿನಾ ಹೋಗಿಬರೋದು ಯಾರಪ್ಪನ ದುಡ್ಡಲ್ಲಿ? ಪುನರ್ವಸತಿ ಅಂದರೆ ಮೇಣದಬತ್ತಿ, ಪೇಪರ್ ಕವರ್ ಮಾಡಿಸೋದು ಅಂದುಕೊಂಡವರೂ ಇದ್ದಾರೆ. ಎಮ್ಮೆ ಕಾಯೋದು ಗೊತ್ತಿದ್ದವನಿಗೆ ಮೇಣದಬತ್ತಿ ಯಾಕೆ? ಎರಡು ಎಮ್ಮೆ ಕೊಡಿಸಿ, ನೋಡೋಣ.

ಇನ್ನು ನಮ್ಮ ಹಾಸ್ಟೆಲು. ರೂಮಲ್ಲಿ ಒಬ್ಬ ವಾರಗಟ್ಟಲೆ ನಿದ್ದೆ ಮಾಡದೆ ಗೋಡೆ ಜೊತೆ ಮಾತಾಡಿದರೆ 'ನಿಮ್ಹಾನ್ಸ್ ಕೇಸು' ಅಂತ ನಗ್ತೀವಿ. ವಾರ್ಡನ್ ಅವನ ಟ್ರಂಕು ಹೊರಗಿಡಿಸಿ ಊರಿಗೆ ಕಳಿಸ್ತಾನೆ, ಓದು ಅಲ್ಲಿಗೆ ಮುಗೀತು. ಜಾತಿ ಹೆಸರಲ್ಲಿ ಬೈಸಿಕೊಂಡು ಬೆಳೆದ ನಮ್ಮ ಬಾಯಲ್ಲಿ ಈ ಬೈಗುಳ ಹೇಗೆ ಬರುತ್ತೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇಕಡಾ 40 ಎಂದು ಸರ್ಟಿಫಿಕೇಟು ಸಿಕ್ಕರೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಅಂಗವಿಕಲರಿಗೆ ಇಟ್ಟಿರುವ ಶೇಕಡಾ 5ರ ಸೀಟಿಗೆ ಅವನೂ ಹಕ್ಕುದಾರ. ಇದನ್ನು ನೋಟೀಸ್ ಬೋರ್ಡಿಗೆ ಯಾರೂ ಹಾಕಲ್ಲ. ನಾವೇ ಹಾಕೋಣ.

ರಜಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಪಂಚಾಯ್ತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರಬೇಕು, ಅವರೂ ಅಂಗವಿಕಲರೇ, ಸಿಗೋದು ಗೌರವಧನ ಮಾತ್ರ. ಅವರನ್ನು ಕರಕೊಂಡು ಕೇರಿಯಲ್ಲಿ ಬಾಗಿಲು ಹಾಕಿ ಕೂರಿಸಿರುವ ಅಣ್ಣನ, ಅಕ್ಕನ ಮನೆಗೆ ಹೋಗಿ. ಸರ್ಟಿಫಿಕೇಟಿನ ಅರ್ಜಿ, ಮಾಸಾಶನದ ಅರ್ಜಿ ತುಂಬಿಕೊಡಿ. ತಾಲೂಕು ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲ ಅಂದರೆ 'ಇಲ್ಲ' ಅಂತ ಬರೆದುಕೊಡಿ ಎಂದು ಕೇಳಿ. ಆ ಚೀಟಿ ಹಿಡಕೊಂಡು ಮುಂದಿನ ಮೀಟಿಂಗಿಗೆ ಬನ್ನಿ.