ದೂರದ ದಯೆ

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೇಳಿದರು: ‘ಎಸ್ಕಿಮೊಗಳು ಸೀಲ್ ಮರಿಗಳನ್ನ ಬಡಿದು ಚರ್ಮ ಮಾರ್ತಾರಂತೆ. ಅದೂ ಒಂದು ಬಾಳೇ?’ ಅವರೆದುರು ಹೋಳಿಗೆ, ಕೋಸಂಬರಿ, ಎರಡು ಬಗೆ ಪಲ್ಯ. ಭತ್ತ, ರಾಗಿ ಯಾವುದೂ ಬೆಳೆಯದ ನೆಲದವರ ಮೇಲೆ ತೀರ್ಪು ಕೊಡಲು ಇಷ್ಟಾದರೂ ಬಡಿಸಿರಬೇಕೇನೋ. ಆ ನೆಲವನ್ನು ಲೆಕ್ಕಕ್ಕೆ ಹಿಡಿಯದ ಕರುಣೆ ಅಲ್ಲಿಯವರ ಅನ್ನ ಕಸಿದಿದೆ ಎಂಬುದೇ ನನ್ನ ತಕರಾರು.

ಬಿಳಿ ತುಪ್ಪಳದ ಮರಿಗಳನ್ನು ಬಡಿಯುತ್ತಿದ್ದವರು ಕೆನಡಾದ ಪೂರ್ವ ಕರಾವಳಿಯ ವಾಣಿಜ್ಯ ಬೇಟೆಗಾರರು. ಉತ್ತರ ಧ್ರುವವಲಯದ ಇನುಯಿಟರು (‘ಎಸ್ಕಿಮೊ’ ಎಂದರೆ ಅವರಲ್ಲಿ ಅನೇಕರಿಗೆ ಹಿಡಿಸದು) ಹೆಚ್ಚಾಗಿ ಬೇಟೆಯಾಡುವುದು ಬೇರೆ ಜಾತಿಯನ್ನು, ರಿಂಗ್ಡ್ ಸೀಲನ್ನು, ಅದೂ ಊಟಕ್ಕೆ.

ಚಳಿಗಾಲದಲ್ಲಿ ಈ ಸೀಲು ಹೆಪ್ಪುಗಟ್ಟಿದ ಕಡಲಿನ ಅಡಿಯಲ್ಲಿ ಬದುಕುತ್ತದೆ. ಉಸಿರಾಡಲು ಉಗುರಿನಿಂದ ಕೆರೆದು ಹಲವು ರಂಧ್ರಗಳನ್ನು ಕಾಪಾಡಿಕೊಂಡಿರುತ್ತದೆ. ಹಿಂದೆಲ್ಲ ಮಂಜು ಮುಚ್ಚಿದ ಆ ರಂಧ್ರವನ್ನು ನಾಯಿ ಮೂಸಿ ಹುಡುಕುತ್ತಿತ್ತು. ಬೇಟೆಗಾರ ಹಗ್ಗ ಕಟ್ಟಿದ ಈಟಿ ಹಿಡಿದು ಗಂಟೆಗಟ್ಟಲೆ ಅಲ್ಲಾಡದೆ ಕಾಯುತ್ತಿದ್ದ. ಕಾಲು ಸರಿಸಿದ ಸದ್ದಾದರೂ ಸಾಕು, ಸೀಲು ಬೇರೆ ರಂಧ್ರಕ್ಕೆ ಹೋಯಿತು. ಸತ್ತ ಸೀಲಿನ ಬಾಯಿಗೆ ಸಿಹಿನೀರು ಬಿಡುವ ರೂಢಿಯಿತ್ತು. ಉಪ್ಪುನೀರಿನ ಜೀವಕ್ಕೆ ಬಾಯಾರಿಕೆ, ಸತ್ಕರಿಸಿದರೆ ಮತ್ತೆ ಬರುತ್ತದೆ ಎಂದು. ಮಾಂಸ ನೆಂಟರಿಷ್ಟರಿಗೆ ಹಂಚಿಕೆ. ಕೊಬ್ಬು ‘ಕುಲ್ಲಿಕ್’ ಎಂಬ ಕಲ್ಲಿನ ದೀಪಕ್ಕೆ, ಬೆಳಕೂ ಅದೇ ಒಲೆಯೂ ಅದೇ. ಚರ್ಮ ಬೂಟಿಗೆ, ಕಯಾಕ್ ದೋಣಿಗೆ. ಹಸಿಮಾಂಸವೆಂದು ಮೂಗು ಮುರಿಯುವವರು ಒಂದು ವಿಷಯ ತಿಳಿದಿರಲಿ: ಹಣ್ಣು, ತರಕಾರಿ ಅಪರೂಪವಾದ ಕಡೆ ‘ಸಿ’ ಜೀವಸತ್ವ ಹೆಚ್ಚಾಗಿ ಸಿಗುತ್ತಿದ್ದುದು ಹಸಿಮಾಂಸ ಮತ್ತು ತಿಮಿಂಗಿಲದ ಚರ್ಮದಿಂದ. ಬೇಯಿಸಿದರೆ ಅದು ಕಡಿಮೆಯಾಗುತ್ತದೆ.

ಗೌರವಿಸಬೇಕಾದ ಆಕ್ಷೇಪವೂ ಒಂದಿದೆ. ಯಾರ ಕೈಯ ಈಟಿಯಾದರೂ ಸೀಲಿಗೆ ನೋವು ಒಂದೇ. ಹಸಿವಿಗಾಗಿ ಕೊಂದದ್ದನ್ನು ಒಪ್ಪಿದರೂ ಚರ್ಮ ಮಾರುವುದನ್ನು ಏಕೆ ಒಪ್ಪಬೇಕು? ನೋವಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಮಾರಾಟದ ಮಾತಿಗೆ ಇದೆ: ತಿಂದುಳಿದ ಪ್ರಾಣಿಯ ಚರ್ಮದ ದುಡ್ಡೇ ಗುಂಡಿಗೆ, ಪೆಟ್ರೋಲಿಗೆ, ಅಂದರೆ ಮುಂದಿನ ಊಟಕ್ಕೆ. ಇನ್ನು ‘ಬಂದೂಕು, ಸ್ನೋಮೊಬೈಲ್ ಬಂದ ಮೇಲೆ ಅದೆಂಥ ಸಂಪ್ರದಾಯ’ ಎನ್ನುವವರು ಮೊದಲು ಮಿಕ್ಸಿ ಬಿಟ್ಟು ಒರಳಿನಲ್ಲಿ ಚಟ್ನಿ ರುಬ್ಬಲಿ.

1983ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಮರಿಗಳ ಚರ್ಮದ ಆಮದನ್ನು ನಿಷೇಧಿಸಿತು. ನಿಷೇಧವಾದದ್ದು ಮರಿಗಳ ಚರ್ಮ, ಕುಸಿದದ್ದು ಎಲ್ಲ ಸೀಲ್ ಚರ್ಮದ ಬೆಲೆ. 2009ರಲ್ಲಿ ಯುರೋಪಿಯನ್ ಒಕ್ಕೂಟ ಎಲ್ಲ ಸೀಲ್ ಉತ್ಪನ್ನಗಳಿಗೂ ಬಾಗಿಲು ಹಾಕಿ, ಇನುಯಿಟರಿಗೆ ವಿನಾಯಿತಿ ಬರೆಯಿತು. ಕೊಳ್ಳುವವರೇ ಇಲ್ಲದ ಸಂತೆಯಲ್ಲಿ ವಿನಾಯಿತಿ ಕಟ್ಟಿಕೊಂಡು ಏನು ಮಾಡುವುದು? ಬೇಟೆ ಬಿಟ್ಟು ತರಕಾರಿ ತಿನ್ನಲಿ ಎನ್ನೋಣವೇ? ಕೆನಡಾದಲ್ಲಿನ ಅವರ ನುನಾವುತ್ ಪ್ರದೇಶಕ್ಕೆ ದಕ್ಷಿಣದಿಂದ ಒಂದೂ ರಸ್ತೆಯಿಲ್ಲ. ಟೊಮೆಟೊ ವಿಮಾನದಲ್ಲಿ ಬರಬೇಕು. ದಯೆಯ ಬಿಲ್ಲನ್ನು ಬಡವರಿಂದ ವಸೂಲಿ ಮಾಡುವುದೆಂದರೆ ಇದೇ.

2014ರಲ್ಲಿ ಪರಿಸರ ಸಂಘಟನೆಯಾದ ಗ್ರೀನ್‌ಪೀಸ್‌ನ ಕೆನಡಾ ಶಾಖೆ, ಸೀಲ್ ಬೇಟೆಯ ವಿರುದ್ಧದ ತನ್ನ ಹಳೆಯ ಪ್ರಚಾರದಿಂದ ಇನುಯಿಟರಿಗಾದ ಹಾನಿಗೆ ಕ್ಷಮೆ ಕೇಳಿತು. ಯುರೋಪಿನ ನಿಷೇಧ ಹಾಗೆಯೇ ಉಳಿಯಿತು.