ಪಟದಲ್ಲಿರುವ ಹೆಂಗಸಿನ ಹೆಸರೇನು?



ನಮ್ಮ ಲೈನುಗಳಲ್ಲಿ ವರ್ಷಗಟ್ಟಲೆ ಸುಣ್ಣ ಕಾಣದ ಗೋಡೆಗಳುಂಟು. ಆಡಿ ಮಳೆಗೆ ಸೋರದ ಮಾಡು ಅಪರೂಪ. ಆದರೆ ಕ್ಯಾಮೆರಾ ಇರುವ ಫೋನು ಇಲ್ಲದ ಮನೆ ಈಗ ಹುಡುಕಿದರೂ ಸಿಗುವುದು ಕಷ್ಟ. ಕೂಲಿಯ ಹಣದಲ್ಲಿ ಕಂತು ಕಟ್ಟಿ ತಂದ ಫೋನು ಅದು. ಇದರಿಂದ ಮಕ್ಕಳು ಕೆಟ್ಟರು, ಓದು ಹಿಂದೆ ಬಿತ್ತು, ಸಂಜೆಯ ಜಪಸರ ನಿಂತುಹೋಯಿತು ಎಂದು ಹಿರಿಯರು ದೂರುತ್ತಾರೆ. ಆ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನನ್ನ ದೂರು ಬೇರೆ. ನಮ್ಮವರು ಬಹಳ ಪಟ ತೆಗೆಯುತ್ತಾರೆ ಎಂಬುದಲ್ಲ, ತೆಗೆಯಬೇಕಾದ ಪಟವನ್ನು ತೆಗೆಯುತ್ತಿಲ್ಲ ಎಂಬುದು.

ನಮ್ಮ ಹುಡುಗರ ಫೋನು ತೆರೆದು ನೋಡಿ. ಯಾರದೋ ಕಾರಿಗೆ ಒರಗಿ ನಿಂತ ಪಟ, ಊಟಿಯ ಬೊಟಾನಿಕಲ್ ಗಾರ್ಡನ್ನಿನಲ್ಲಿ ಕಪ್ಪು ಕನ್ನಡಕ ಹಾಕಿದ ಪಟ, ಸಿನಿಮಾ ನಟನಂತೆ ಕುತ್ತಿಗೆ ಓರೆ ಮಾಡಿದ ಪಟ. ವಯಸ್ಸಿನ ಆಸೆ, ತಪ್ಪೇನೂ ಇಲ್ಲ. ಆದರೆ ಆ ಫೋನಿನ ಕಂತು ಕಟ್ಟಿದ ತಾಯಿಯ ಪಟ ಒಂದಾದರೂ ಇದೆಯೇ? ಅವಳು ಒಲೆಯ ಮುಂದೆ ಕುಳಿತಿರುವುದು, ಬೆಳಗಿನ ಮಸ್ಟರಿಗೆ ಹೊರಡುವಾಗ ತಲೆಗೆ ಬಟ್ಟೆ ಸುತ್ತುವುದು, ಸಂಜೆ ಬಂದು ಕಾಲು ತೊಳೆಯುವುದು ಇದೆಯೇ? ಸಾವಿನ ಮನೆಗಳಲ್ಲಿ ಗೋಡೆಗೆ ಹಾರ ಹಾಕಿ ಇಟ್ಟಿರುವ ಪಟವನ್ನು ಗಮನಿಸಿ. ಎಷ್ಟೋ ಸಲ ಅದು ಆಧಾರ್ ಕಾರ್ಡಿನದು, ಇಲ್ಲವೆ ಓಟಿನ ಕಾರ್ಡಿನದು. ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿರುತ್ತಾರೆ. ಮೂವತ್ತು ನಲವತ್ತು ವರ್ಷ ಎಲೆ ಕಿತ್ತ ಜೀವಕ್ಕೆ ಉಳಿದದ್ದು ಸರ್ಕಾರದವರು ಅವಸರದಲ್ಲಿ ಹಿಡಿದ ಒಂದು ಬೆದರಿದ ಮುಖ.

ಹಾಗೆಂದು ನಮ್ಮ ಪಟ ಯಾರೂ ತೆಗೆಯುತ್ತಿಲ್ಲವೆಂದಲ್ಲ. ಗೂಡಲೂರಿನ ದಾರಿಯಲ್ಲಿ, ಕೂನೂರಿನಲ್ಲಿ, ವಯನಾಡಿನ ಮೇಪ್ಪಾಡಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ನಮ್ಮ ಹೆಂಗಸರ ಪಟ ಹಿಡಿಯುವವರು ದಿನವೂ ಬರುತ್ತಾರೆ. ರಸ್ತೆಯ ಮೇಲೆ ನಿಂತು ಕೆಳಗೆ ನೋಡಿ ಹಿಡಿಯುತ್ತಾರೆ. ಹಸಿರು ಗುಡ್ಡ, ನಡುವೆ ಕೆಂಪು ಹಳದಿ ಬಟ್ಟೆಯ ಚುಕ್ಕೆಗಳು. ಕ್ಯಾಲೆಂಡರಿನಲ್ಲಿಯೂ ಚಹಾ ಪೊಟ್ಟಣದ ಮೇಲೆಯೂ ಕಾಣುವುದು ಇದೇ. ನಗುತ್ತಿರುವ ಹೆಂಗಸಿಗೆ ಅಲ್ಲಿ ಹೆಸರಿಲ್ಲ, ಸೊಂಟದ ನೋವಿಲ್ಲ, ಜಿಗಣೆ ಕಚ್ಚಿದ ಕಾಲಿಲ್ಲ.

ಇದು ಇಂದಿನ ಮಾತೂ ಅಲ್ಲ. ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಎಂಬ ಇಂಗ್ಲಿಷ್ ಹೆಂಗಸು ಛಾಯಾಚಿತ್ರದ ಚರಿತ್ರೆಯಲ್ಲಿ ದೊಡ್ಡ ಹೆಸರು. ಇಂಗ್ಲೆಂಡಿನಲ್ಲಿ ಕವಿ ಟೆನಿಸನ್ ಅವರನ್ನೂ ವಿಜ್ಞಾನಿ ಡಾರ್ವಿನ್ ಅವರನ್ನೂ ಹತ್ತಿರದಿಂದ ಪಟ ಹಿಡಿದು ಹೆಸರಾದವಳು. ಅವಳ ಗಂಡನಿಗೆ ಸಿಲೋನಿನಲ್ಲಿ ಕಾಫಿ ತೋಟಗಳಿದ್ದವು. 1875ರಲ್ಲಿ ಅವರು ಅಲ್ಲಿಗೆ ಹೋಗಿ ನೆಲೆಸಿದರು. 1879ರಲ್ಲಿ ಅವಳು ಅಲ್ಲಿಯೇ ತೀರಿಕೊಂಡಳು. ಆ ನಾಲ್ಕು ವರ್ಷಗಳಲ್ಲಿ ತನ್ನ ಸುತ್ತಲಿನ ಹಳ್ಳಿಯವರನ್ನೂ ತೋಟದ ಆಳುಗಳನ್ನೂ ನಿಲ್ಲಿಸಿ ಪಟ ಹಿಡಿದಳು. ಒಳ್ಳೆಯ ಪಟಗಳು, ಅನುಮಾನವಿಲ್ಲ. ಆದರೆ ಇಂಗ್ಲೆಂಡಿನ ಪಟಗಳ ಕೆಳಗೆ ಹೆಸರುಗಳುಂಟು. ಸಿಲೋನಿನ ಪಟಗಳಲ್ಲಿ ಬಹುಪಾಲಿಗೆ ಹೆಸರಿಲ್ಲ. 1964ರ ಒಪ್ಪಂದದ ಮೇಲೆ ಸಿಲೋನಿನಿಂದ ನೀಲಗಿರಿಗೆ ಬಂದ ಕುಟುಂಬಗಳು ನಮ್ಮ ನೆರೆಯಲ್ಲಿಯೇ ಇವೆ. ಆ ಪಟದಲ್ಲಿ ನಿಂತವಳು ಅವರಲ್ಲಿ ಯಾರ ಅಜ್ಜಿಯ ಅಜ್ಜಿಯೋ, ಈಗ ಕೇಳಿ ತಿಳಿಯುವ ದಾರಿಯಿಲ್ಲ.

ಇದಕ್ಕೆ ಎದುರಾದ ಇನ್ನೊಬ್ಬನಿದ್ದಾನೆ. ಅಮೆರಿಕದ ಲೂಯಿಸ್ ಹೈನ್. ನ್ಯೂಯಾರ್ಕಿನಲ್ಲಿ ಶಾಲೆಯ ಮೇಷ್ಟ್ರಾಗಿದ್ದವನು. ಬಾಲಕಾರ್ಮಿಕರ ಪರವಾದ ಒಂದು ಸಮಿತಿಗಾಗಿ 1908ರಿಂದ ಪಟ ಹಿಡಿಯಲು ಹೊರಟ. ಹತ್ತಿಯ ಗಿರಣಿ, ಕಲ್ಲಿದ್ದಲ ಗಣಿಗಳ ಮಾಲಿಕರು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಬೈಬಲ್ ಮಾರುವವನಂತೆ, ಬೆಂಕಿ ತಪಾಸಣೆಯವನಂತೆ ವೇಷ ಹಾಕಿ ನುಗ್ಗುತ್ತಿದ್ದನಂತೆ. (ಬೈಬಲಿನ ಹೆಸರಿನಲ್ಲಿ ಸುಳ್ಳು ಹೇಳುವುದು ಸರಿಯೇ ಎಂದು ಉಪದೇಶಿಯಾದ ನನ್ನನ್ನು ಕೇಳಬೇಡಿ, ಆ ಮಕ್ಕಳನ್ನು ಕೇಳಿ.) ಮಗುವಿನ ಎತ್ತರವನ್ನು ತನ್ನ ಕೋಟಿನ ಗುಂಡಿಗಳಿಂದ ಅಳೆದು, ಹೆಸರು, ವಯಸ್ಸು, ಮಾಡುವ ಕೆಲಸ ಕೇಳಿ ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತಿದ್ದ. ಹಲವರ ಹೋರಾಟದ ಬಳಿಕ 1938ರಲ್ಲಿ ಅಲ್ಲಿ ಬಾಲಕಾರ್ಮಿಕರನ್ನು ಕಾಯುವ ಕಾನೂನು ನೆಲೆಯಾಯಿತು. ಪಟ ಒಂದೇ ಅದನ್ನು ತಂದಿತು ಎನ್ನಲಾಗದು. ಆದರೆ ಕಾಣದೆ ಇದ್ದುದನ್ನು ಜನಕ್ಕೆ ಕಾಣಿಸಿದ್ದು ಅವನ ಪಟ, ಪಟದ ಜೊತೆಗಿದ್ದ ಹೆಸರು.

ಹೈನನಿಗೆ ವೇಷ ಬೇಕಾಯಿತು. ನಮಗೆ ಬೇಡ. ನಾವು ಒಳಗೇ ಇದ್ದೇವೆ. ರಸ್ತೆಯಲ್ಲಿ ನಿಂತವನಿಗೆ ಸಿಗದ ಜಾಗ, ಅಂದರೆ ಎರಡು ಸಾಲಿನ ನಡುವಿನ ಜಾಗ, ನಮ್ಮದು. ನಮ್ಮ ದಿನದ ಬಾಳು ಪಟಕ್ಕೆ ತಕ್ಕದ್ದಲ್ಲ ಎಂಬ ಕೀಳರಿಮೆಯೊಂದು ನಮ್ಮೊಳಗೆ ಕುಳಿತಿದೆ. ಪ್ರಭು ಯೇಸು ಹೇಳಿದ ಸಾಮತಿಗಳನ್ನು ನೆನೆಯಿರಿ. ಹಿಟ್ಟಿಗೆ ಬೆರೆಸಿದ ಹುಳಿ, ಮನೆ ಗುಡಿಸಿ ನಾಣ್ಯ ಹುಡುಕಿದ ಹೆಂಗಸು, ಹಳೆಯ ಬಟ್ಟೆಗೆ ಹಾಕಿದ ತೇಪೆ, ಸಂತೆಬೀದಿಯಲ್ಲಿ ಕೂಲಿಗಾಗಿ ಕಾದು ನಿಂತ ಆಳುಗಳು. ದೇವಾಲಯದ ಕಾಣಿಕೆಪೆಟ್ಟಿಗೆಯ ಎದುರು ಕುಳಿತು ಎಲ್ಲರನ್ನೂ ನೋಡುತ್ತಿದ್ದಾಗ ಅವರ ಕಣ್ಣು ನಿಂತದ್ದು ಎರಡು ಕಾಸು ಹಾಕಿದ ವಿಧವೆಯ ಮೇಲೆ. ಫೋನು ಕೈಯಲ್ಲಿ ಹಿಡಿದವರು ಮೊದಲು ಕಲಿಯಬೇಕಾದುದು ಆ ನೋಟವನ್ನು.

ಉಳಿದದ್ದು ಕೈಯ ಕೆಲಸ, ಅದನ್ನು ಹೇಳಿಬಿಡುತ್ತೇನೆ. ಮೊದಲು ಫೋನಿನ ಹಿಂಬದಿಯ ಗಾಜು ಒರೆಸಿ. ಎಲೆಯ ಕರೆ, ತಲೆಯೆಣ್ಣೆ, ಒಲೆಯ ಮಸಿ ಎಲ್ಲ ಅಲ್ಲಿಯೇ ಕೂತಿರುತ್ತದೆ. ಪಟ ಮಂಜಾಗಿದೆ, ಫೋನು ಸರಿಯಿಲ್ಲ ಎಂದು ಹಲುಬುವವರಲ್ಲಿ ಎಷ್ಟೋ ಜನಕ್ಕೆ ಒಂದು ಹತ್ತಿ ಬಟ್ಟೆ ಸಾಕು. ಲೈನು ಮನೆಯ ಒಳಗೆ ಬೆಳಕು ಕಡಿಮೆಯೆಂದು ಫ್ಲ್ಯಾಷ್ ಹಾಕಬೇಡಿ. ಅದು ಮುಖವನ್ನು ಹಿಟ್ಟು ಬಳಿದಂತೆ ಮಾಡಿ, ಹಿಂದಿನದನ್ನೆಲ್ಲ ಕತ್ತಲು ಮಾಡುತ್ತದೆ. ಬಾಗಿಲು ತೆರೆಯಿರಿ. ಅಜ್ಜಿಯನ್ನು ಹೊಸ್ತಿಲ ಹತ್ತಿರ, ಅರ್ಧ ಮುಖ ಹೊರಗಿನ ಬೆಳಕಿಗೆ ಬರುವಂತೆ ಕೂರಿಸಿ, ನೀವು ಒಳಗಡೆಯಿಂದ ಪಕ್ಕಕ್ಕೆ ನಿಂತು ತೆಗೆಯಿರಿ. ಪೇಟೆಯ ಸ್ಟುಡಿಯೋದವನು ದುಡ್ಡು ಕೊಟ್ಟು ಹೊಂದಿಸುವ ಬೆಳಕು ನಮ್ಮ ಬಾಗಿಲಲ್ಲಿ ಬಿಟ್ಟಿ ಸಿಗುತ್ತದೆ.

ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಬೇಡಿ, ಎರಡು ಹೆಜ್ಜೆ ಮುಂದೆ ಹೋಗಿ. ಸಾಧಾರಣ ಫೋನಿನಲ್ಲಿ ಎಳೆದು ಹಿಗ್ಗಿಸಿದ ಪಟ ಹಳೇ ಬಟ್ಟೆಯಂತೆ ಎಳೆ ಬಿಡುತ್ತದೆ. ಮಗುವಿನ ಪಟ ಬೇಕಾದರೆ ಕುಕ್ಕರಗಾಲಲ್ಲಿ ಕುಳಿತು ಅದರ ಕಣ್ಣಿನ ಎತ್ತರಕ್ಕೆ ಇಳಿಯಿರಿ. ಎಲೆ ಕೀಳುವವರನ್ನು ಸಾಲಿನ ಕೆಳಗಿನಿಂದ ಹಿಡಿಯಿರಿ. ಆಗ ಅವರ ಹಿಂದೆ ಬರುವುದು ಆಕಾಶ, ಅವರು ಗುಡ್ಡಕ್ಕಿಂತ ಎತ್ತರವಾಗಿ ಕಾಣುತ್ತಾರೆ. ನಡುಮಧ್ಯಾಹ್ನದ ಬಿಸಿಲಲ್ಲಿ ತಲೆಬಟ್ಟೆಯ ನೆರಳು ಕಣ್ಣನ್ನು ನುಂಗುತ್ತದೆ, ಸಿಲ್ವರ್ ಓಕಿನ ನೆರಳಿಗೆ ಕರೆಯಿರಿ. ಮಂಜಿನ ದಿನವೆಂದು ಫೋನು ಒಳಗಿಡಬೇಡಿ. ನಮ್ಮ ಸೀಮೆಯ ಒಳ್ಳೆಯ ಪಟಗಳು ಆ ದಿನಗಳಲ್ಲಿಯೇ ಸಿಗುವುದು. ಹಿಂದಿನ ತಂತಿ, ಕಂಬ, ಬೋರ್ಡು ಎಲ್ಲ ಮರೆಯಾಗಿ ಎದುರಿನ ಆಳು ಮಾತ್ರ ಉಳಿಯುತ್ತದೆ. ಪರದೆಯ ಮೇಲೆ ಮುಖವಿರುವ ಜಾಗವನ್ನು ಒಮ್ಮೆ ಬೆರಳಿನಿಂದ ಮುಟ್ಟಿದರೆ ಫೋನು ಆ ಮುಖಕ್ಕೆ ತಕ್ಕ ಬೆಳಕು ತೆಗೆದುಕೊಳ್ಳುತ್ತದೆ.

ಏನನ್ನು ತೆಗೆಯುವುದು ಎಂದರೆ: ಮಧ್ಯಾಹ್ನ ಮರದ ಬುಡದಲ್ಲಿ ಸಾಲಾಗಿಟ್ಟ ಬುತ್ತಿಗಳು. ಬೇಲಿಯ ಮೇಲೆ ಹಿಂಡಿ ಹಾಕಿದ ಕಂಬಳಿ. ಕಾಫಿ ತೋಟದವರಾದರೆ ಹೂಮಳೆ ಬಿದ್ದ ಮೇಲೆ ಬೆಳ್ಳಗಾದ ರೆಂಬೆ, ಅದರ ಅಡಿಯಲ್ಲಿ ಬರಿಗಾಲು. ಭಾನುವಾರ ದೇವಾಲಯದ ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಗಳು. ಯಾರ ಮನೆಯ ತಿಂಗಳು ಹೇಗಿದೆಯೆಂದು ಆ ಚಪ್ಪಲಿಗಳೇ ಹೇಳುತ್ತವೆ. ಒಂದೇ ಗಿಡವನ್ನು, ಇಲ್ಲವೆ ಒಂದೇ ಬಾಗಿಲನ್ನು, ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ವರ್ಷವಿಡೀ ತೆಗೆದು ನೋಡಿ. ಕವಾತು ಮಾಡಿದ ಗಿಡ ಬೋಳಾಗಿ ನಿಂತು ಮತ್ತೆ ಚಿಗುರುವುದನ್ನು ಯಾವ ಟೂರಿಸ್ಟೂ ಕಂಡಿಲ್ಲ.

ಮತ್ತೆ ಕೈಗಳು. ಎಲೆಯ ಕರೆಯಿಂದ ಕಪ್ಪಾಗಿ ಬಿರಿದ ಬೆರಳುಗಳ ಪಟ ತೆಗೆಯುತ್ತೇನೆಂದರೆ ನಮ್ಮ ಅಜ್ಜಿಯಂದಿರು, "ಈ ಹಾಳು ಕೈ ಯಾಕೆ ಮಗಾ? ಇರು, ಮೊಖ ತೊಳ್ಕೊಂಡು ಸೀರೆ ಬದಲಾಯಿಸ್ಕೊಂಡು ಬತ್ತೀನಿ" ಎನ್ನುತ್ತಾರೆ. ಹೋಗಿ ಬರಲಿ. ಒಳ್ಳೆಯ ಸೀರೆಯ ಪಟವನ್ನೂ ತೆಗೆಯಿರಿ. ತಾನು ಹೇಗೆ ಕಾಣಬೇಕೆಂದು ಹೇಳುವ ಹಕ್ಕು ಅವಳದು. ಬಡತನವನ್ನು ತೋರಿಸಬೇಕೆಂಬ ಹಠದಲ್ಲಿ ನಾವೇ ಆ ಕಾರಿನವರಂತೆ ಆಗಬಾರದು.

ಈ ಕೇಳುವ ಮಾತು ಮುಖ್ಯ. ಕೊಳಾಯಿಯ ಹತ್ತಿರ ಹೆಂಗಸರು, ಮೀಯುವ ಮಕ್ಕಳು, ಕುಡಿದು ಬಿದ್ದ ಅಣ್ಣ, ಆಸ್ಪತ್ರೆಯ ಹಾಸಿಗೆ, ಹೆಣದ ಮುಖ, ಇವುಗಳ ಪಟ ತೆಗೆದು ಗ್ರೂಪಿಗೆ ಹಾಕುವ ಚಾಳಿ ಬಿಡಬೇಕು. ಬಲಿಪೂಜೆಯ ನಡುವೆ, ಪ್ರಸಾದ ಸ್ವೀಕರಿಸುವವರ ಬಾಯಿಗೆ ಫೋನು ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಜ್ಞಾನಸ್ನಾನವಾದ ಮೇಲೆ ಹೊರಗೆ ಬನ್ನಿ, ಬೇಕಾದಷ್ಟು ತೆಗೆಯಿರಿ.

ಇನ್ನು ಸಂಘದ ಮಾತು. ತೂಕದ ಜಗಳ ನಮಗೆ ಹೊಸದಲ್ಲ. ಚೀಲದ ತೂಕವೆಂದು ಇಷ್ಟು, ನೀರಿನ ತೂಕವೆಂದು ಇಷ್ಟು ಕಡಿತ, ಸಂಜೆ ಚೀಟಿಯಲ್ಲಿ ಬೇರೆ ಲೆಕ್ಕ. ಮೋಸದ ತಕ್ಕಡಿಯ ವಿರುದ್ಧ ಪ್ರವಾದಿ ಆಮೋಸನೂ, ತಡೆಹಿಡಿದ ಕೂಲಿಯ ವಿರುದ್ಧ ಸಂತ ಯಾಕೋಬನೂ ಆಡಿದ ಮಾತು ನಿಮಗೆ ಗೊತ್ತಿದೆ. ಅವರಿಗೆ ಕ್ಯಾಮೆರಾ ಇರಲಿಲ್ಲ. ತಕ್ಕಡಿಯ ಅಂಕೆ, ಚೀಲ, ಸುತ್ತಲ ಜಾಗ ಎಲ್ಲ ಬರುವಂತೆ ದೂರದಿಂದ ಒಂದು, ಅಂಕೆ ಓದುವಷ್ಟು ಹತ್ತಿರದಿಂದ ಒಂದು, ಚೀಟಿಯದು ಒಂದು, ಹೀಗೆ ತೆಗೆದಿಡಿ. ಸೋರುವ ಮಾಡು, ಒಡೆದ ಕಕ್ಕಸು, ನೀರಿಲ್ಲದ ಕೊಳಾಯಿಗೂ ಹೀಗೆಯೇ. ತೋಟದವರಿಗೆ ಮನೆ, ನೀರು, ವೈದ್ಯ, ಮಕ್ಕಳನ್ನು ನೋಡಿಕೊಳ್ಳುವ ಮನೆ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತು; ಆ ಹೊಣೆಗಳು 2020ರ ವೃತ್ತಿ ಸುರಕ್ಷತೆಯ ಸಂಹಿತೆಯೊಳಗೆ ಸೇರಿವೆ. ಕಾನೂನಿನ ಹೆಸರು ಬದಲಾದರೂ ಮಾಡು ಸೋರುವುದು ಪಟದಲ್ಲಿ ಒಂದೇ ರೀತಿ ಕಾಣುತ್ತದೆ.

ಇಂಥ ಪಟಗಳಿಗೆ ಬಣ್ಣ ಹಚ್ಚುವುದು, ಕತ್ತರಿಸುವುದು ಬೇಡ. ತೆಗೆದ ದಿನವನ್ನೂ ಹೊತ್ತನ್ನೂ ಫೋನು ತಾನೇ ಪಟದೊಳಗೆ ಬರೆದಿಟ್ಟುಕೊಳ್ಳುತ್ತದೆ. ವಾಟ್ಸಾಪಿನಲ್ಲಿ ಸುಮ್ಮನೆ ಪಟವಾಗಿ ಕಳಿಸಿದರೆ ಅದು ಕುಗ್ಗಿ, ಆ ವಿವರವೂ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಎಂಬುದನ್ನು ಒತ್ತಿ ಕಳಿಸಿದರೆ ಉಳಿಯುತ್ತದೆ. ಮೂಲ ಪಟವನ್ನು ಫೋನಿನಿಂದ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಇಂಥ ದಾಖಲೆ ಕೋರ್ಟಿಗೆ ಹೋಗುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಅದನ್ನು ಸಂಘದ ಆಫೀಸಿನಲ್ಲಿ ಕೇಳಿ ಮಾಡಿಸೋಣ. ಒಬ್ಬಂಟಿ ಹೆಣ್ಣುಮಗಳು ಮೇಸ್ತ್ರಿಯ ಎದುರು ಫೋನು ಎತ್ತಿ ನಾಳೆ ಕೆಲಸ ಕಳೆದುಕೊಳ್ಳುವಂತಾಗಬಾರದು. ನಾಲ್ಕು ಜನ ಕೂಡಿ, ಸಂಘಕ್ಕೆ ತಿಳಿಸಿ ತೆಗೆಯಿರಿ.

ಆದರೆ ತಕ್ಕಡಿಯ ಪಟಕ್ಕಾಗಿ ಮಾತ್ರ ಫೋನು ಎತ್ತುವುದಾದರೆ ನನಗೆ ಸಮಾಧಾನವಿಲ್ಲ. ನಾವು ದೂರು ಅರ್ಜಿಯೊಳಗೆ ಮಾತ್ರ ಇರುವ ಜನವಲ್ಲ. ಬೋನಸ್ ದಿನದ ನಗು, ಮಕ್ಕಳ ಚಿನ್ನಿದಾಂಡು, ಕ್ರಿಸ್ಮಸ್ಸಿಗೆ ಬಿದಿರು ಸೀಳಿ ನಕ್ಷತ್ರ ಕಟ್ಟುವ ಹುಡುಗರು, ಇವೂ ನಮ್ಮ ದಾಖಲೆ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು ಬಂದಾಗ ತೋಟದ ಪಾಡಿಗಳೂ ಕೊಚ್ಚಿಹೋದವು. ಗುರುತು ಸಿಗದ ದೇಹಗಳನ್ನು ಪುತ್ತುಮಲೆಯಲ್ಲಿ ನಂಬರು ಹಾಕಿ ಮಣ್ಣು ಮಾಡಿದರು. ಡಿಎನ್‌ಎ ಪರೀಕ್ಷೆಯಿಂದ ಕೆಲವರ ಹೆಸರು ಆಮೇಲೆ ಸಿಕ್ಕಿತು. ಮನೆಯೇ ಹೋದ ಮೇಲೆ ಗೋಡೆಯ ಮದುವೆ ಪಟ, ಪೆಟ್ಟಿಗೆಯ ಆಲ್ಬಂ, ಫೋನು ಯಾವುದೂ ಉಳಿಯುವುದಿಲ್ಲ. ಇಂಥ ಹೊತ್ತಿನಲ್ಲಿ ಉಳಿಯುವುದು ಬೇರೆ ಊರಿನ ನೆಂಟರ ಫೋನಿಗೆ ಹಿಂದೆ ಎಂದೋ ಕಳಿಸಿದ ಪಟ ಮಾತ್ರ. ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಇರುವ ತಂಗಿಗೆ, ಮಾವನಿಗೆ ಮುಖ್ಯವಾದ ಪಟಗಳನ್ನು ಕಳಿಸಿಡಿ. ವರ್ಷಕ್ಕೆ ನಾಲ್ಕನ್ನಾದರೂ ಕಾಗದದ ಮೇಲೆ ಪ್ರಿಂಟ್ ಮಾಡಿಸಿ.

ಮೇ 1 ಕಾರ್ಮಿಕರ ದಿನ. 1955ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಅದೇ ದಿನವನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿಯೂ ಗೊತ್ತುಮಾಡಿದರು. ಮುಂದಿನ ಮೇ 1ಕ್ಕೆ ಪ್ರತಿ ತೋಟದ ದೇವಾಲಯದ ಹಾಲಿನಲ್ಲಿ, ಇಲ್ಲವೆ ಸಂಘದ ಕೋಣೆಯಲ್ಲಿ, ಒಂದು ಹಗ್ಗ ಕಟ್ಟಿ ಮನೆಗೊಂದು ಪಟ ತೂಗುಹಾಕಬೇಕೆಂಬುದು ನನ್ನ ಸಲಹೆ. ಬಹುಮಾನ ಬೇಡ, ಬಹುಮಾನ ಬಂದರೆ ಊಟಿಯ ಗಾರ್ಡನ್ ಮತ್ತೆ ಬಂದುಬಿಡುತ್ತದೆ. ಪಟ ಚಿಕ್ಕದಾಗಿದ್ದರೂ ಚಿಂತೆಯಿಲ್ಲ. ಹಿಂಬದಿಯಲ್ಲಿ ಪೆನ್ಸಿಲಿನಿಂದ, ಪಟದಲ್ಲಿರುವವರ ಪೂರ್ತಿ ಹೆಸರು, ತೋಟದ ಡಿವಿಜನ್, ತಾರೀಕು, ತೆಗೆದವರು ಯಾರು ಎಂಬುದನ್ನು ಬರೆದು ತನ್ನಿ.